ಹೋಸ್ಟಿಂಗ್ ಆಯ್ಕೆ: ಒಳಬರುವ ದರ, ಹೊರಹೋಗುವ ದಾರಿ

ವರ್ಡ್‌ಪ್ರೆಸ್, ಡ್ರುಪಲ್, ಜೂಮ್ಲಾ ಯಾವುದರಲ್ಲೇ ಆಗಲಿ, ಹೊಸದಾಗಿ ಜಾಲತಾಣ ಕಟ್ಟಲು ಹೊರಟವರು ಹೋಸ್ಟಿಂಗ್ ಕಂಪನಿಗಳನ್ನು ಅಳೆಯುವುದು ಹೆಚ್ಚಾಗಿ ಮೂರು ಲೆಕ್ಕಗಳಲ್ಲಿ: ವರ್ಷಕ್ಕೆ ಎಷ್ಟು ರೂಪಾಯಿ, ಎಷ್ಟು ಜಿಬಿ ಜಾಗ, ಪುಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ. ಮೂರೂ ಬೇಕಾದ ಲೆಕ್ಕಗಳೇ, ಆದರೆ ಮೂರೂ ಕೊಳ್ಳುವ ದಿನದ ಲೆಕ್ಕಗಳು. ತಾಣ ಹತ್ತು ಹದಿನೈದು ವರ್ಷ ಬಾಳಬೇಕೆಂದಿದ್ದರೆ, ಅಷ್ಟರಲ್ಲಿ ಕಂಪನಿಯ ಒಡೆಯರು ಬದಲಾಗಿರುತ್ತಾರೆ, ದರ ಏರಿರುತ್ತದೆ, ಕೆಲವೊಮ್ಮೆ ಸರ್ವರ್ ಇರುವ ಊರೇ ಬದಲಾಗಿರುತ್ತದೆ. ಈ ಉದ್ಯಮದ ಮೂವತ್ತು ವರ್ಷಗಳ ನಡೆಯನ್ನು ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಅನ್ನಿಸುತ್ತದೆ: ಈ ಕಂಪನಿಯನ್ನು ಬಿಡಬೇಕಾಗಿ ಬಂದಾಗ ತಾಣವನ್ನು ಇಡಿಯಾಗಿ ಎತ್ತಿಕೊಂಡು ಹೊರಡಲು ಆಗುತ್ತದೆಯೇ? ಬೆಲೆ, ಜಾಗ, ವೇಗ ಇವೆಲ್ಲ ಆಮೇಲಿನವು.

ಈ ಪ್ರಶ್ನೆಯ ಮಹತ್ವ ಮೊದಲು ಕಂಡದ್ದು ಬಿಟ್ಟಿ ಜಾಗ ಕೊಡುತ್ತಿದ್ದವರ ಕಡೆಯಿಂದ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಲಕ್ಷಾಂತರ ಜನರಿಗೆ ಸ್ವಂತ ಪುಟ ಕೊಟ್ಟಿತು. 1999ರಲ್ಲಿ ಯಾಹೂ ಅದನ್ನು ಶತಕೋಟಿಗಟ್ಟಲೆ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡಿತು. ಹತ್ತು ವರ್ಷದ ನಂತರ, 2009ರ ಅಕ್ಟೋಬರಿನಲ್ಲಿ, ಮುಚ್ಚಿತು. ಆ ಪುಟಗಳ ವಿಳಾಸ ಬರೆದವರದ್ದಾಗಿರಲಿಲ್ಲ, ಜಿಯೋಸಿಟೀಸಿನದಾಗಿತ್ತು. ಹಾಗಾಗಿ ಬೇರೆ ಕಡೆ ನಕಲು ಮಾಡಿಟ್ಟವರಿಗೂ ಓದುಗರು ಉಳಿಯಲಿಲ್ಲ. ಅದೇ ಕಾಲದಲ್ಲಿ ಇನ್ನೊಂದು ಕಡೆ ಗದ್ದಲವಿಲ್ಲದೆ ಬೇರೆ ಬಗೆಯ ವ್ಯವಸ್ಥೆ ಬೆಳೆಯುತ್ತಿತ್ತು. ಅಪಾಚೆ ಸರ್ವರ್, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಮೂರೂ 1995ರ ಆಸುಪಾಸಿನವು. ಮೂರೂ ಲಿನಕ್ಸ್ ಮೇಲೆ ಕಾಸಿಲ್ಲದೆ ಓಡುವಂಥವು. 1997ರ ಆರಂಭದಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿ, ಬ್ರೌಸರ್ ತಾನು ಕೇಳುತ್ತಿರುವ ತಾಣದ ಹೆಸರನ್ನು ಸರ್ವರ್‌ಗೆ ಹೇಳಲೇಬೇಕು ಎಂದು ವಿಧಿಸಿತು. ಸಣ್ಣ ತಿದ್ದುಪಡಿ, ಪರಿಣಾಮ ದೊಡ್ಡದು. ಒಂದೇ ಐಪಿ ವಿಳಾಸದಲ್ಲಿ ನೂರಾರು ಡೊಮೇನ್‌ಗಳನ್ನು ನಡೆಸಲು ಸಾಧ್ಯವಾಯಿತು, ತಿಂಗಳಿಗೆ ಕೆಲವೇ ಡಾಲರಿಗೆ ಸ್ವಂತ ಹೆಸರಿನ ತಾಣ ಎಂಬ ವ್ಯಾಪಾರಕ್ಕೆ ತಳಪಾಯ ಬಿತ್ತು.

ಸಿಎಂಎಸ್‌ಗಳು (ತಾಣದ ಬರಹ, ಚಿತ್ರಗಳನ್ನು ನಿರ್ವಹಿಸುವ ತಂತ್ರಾಂಶಗಳು) ಹುಟ್ಟಿದ್ದು ಈ ಅಗ್ಗದ ಸರ್ವರ್‌ಗಳನ್ನು ಕಣ್ಣಮುಂದಿಟ್ಟುಕೊಂಡು. ಡ್ರೀಸ್ ಬೈಟರ್ಟ್ 2001ರಲ್ಲಿ ಡ್ರುಪಲ್ ಬಿಡುಗಡೆ ಮಾಡಿದರು. ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ ತಿಂಗಳಲ್ಲಿ, ನಿಂತುಹೋಗುವಂತಿದ್ದ ಬಿ2 ಎಂಬ ತಂತ್ರಾಂಶವನ್ನು ಕವಲೊಡೆಸಿ ವರ್ಡ್‌ಪ್ರೆಸ್ ಹೊರತಂದರು. 2005ರಲ್ಲಿ ಮ್ಯಾಂಬೋದಿಂದ ಬೇರೆಯಾಗಿ ಜೂಮ್ಲಾ ಬಂತು. ಮೂರಕ್ಕೂ ಬೇಕಾದದ್ದು ಒಂದೇ: ಪಿಎಚ್‌ಪಿ ಓಡಿಸುವ ಸರ್ವರ್ ಮತ್ತು ಒಂದು ಡೇಟಾಬೇಸ್. ಇದರಿಂದ ತಾನಾಗಿ ಒದಗಿದ ಲಾಭವೊಂದಿದೆ. ನನ್ನ ದೃಷ್ಟಿಯಲ್ಲಿ ಸಿಎಂಎಸ್ ಬಳಸುವವರ ಅತಿ ದೊಡ್ಡ ಆಸ್ತಿ ಅದೇ. ಹತ್ತು ವರ್ಷದ ಬರಹ, ಚಿತ್ರ, ಓದುಗರ ಪ್ರತಿಕ್ರಿಯೆ ಎಲ್ಲವೂ ಸೇರಿ ಒಂದು ಫೋಲ್ಡರ್ ಮತ್ತು ಒಂದು ಡೇಟಾಬೇಸ್ ಫೈಲು, ಅಷ್ಟೇ. ಇವೆರಡನ್ನು ಹೊತ್ತುಕೊಂಡು ಲೋಕದ ಯಾವ ಕಂಪನಿಗಾದರೂ ಹೋಗಬಹುದು. ಡ್ರುಪಲ್ ಮೇಲೆ ಬೆಳೆದ ‘ಸಂಪದ’ದಂಥ ಕನ್ನಡ ತಾಣಕ್ಕೂ ಅಮೆರಿಕದ ಪತ್ರಿಕೆಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ವಿಕ್ಸ್‌ನಂಥ ಸಿದ್ಧ ತಾಣಗಳಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿ ಕಟ್ಟಿದ ತಾಣವನ್ನು ಬೇರೆಯವರ ಸರ್ವರ್‌ಗೆ ಸಾಗಿಸಲು ಬರುವುದಿಲ್ಲ.

ಅಗ್ಗದ ಹೋಸ್ಟಿಂಗ್ ಹೇಗೆ ಅಗ್ಗವಾಯಿತು ಎಂಬುದನ್ನು ಗಮನಿಸಬೇಕು. ಶೇರ್ಡ್ ಹೋಸ್ಟಿಂಗ್ ಎಂದರೆ ವಠಾರ: ನಲ್ಲಿ ಒಂದೇ, ಹಿಡಿದುಕೊಳ್ಳುವ ಬಿಂದಿಗೆ ನೂರು. ಎಲ್ಲರೂ ಒಟ್ಟಿಗೆ ನೀರು ಹಿಡಿಯಲಾರರು ಎಂಬ ನಂಬಿಕೆಯ ಮೇಲೆ ‘ಅನ್‌ಲಿಮಿಟೆಡ್’ ಎಂಬ ಫಲಕ ತೂಗುತ್ತದೆ. 2010ರಲ್ಲಿ ಬಂದ ಕ್ಲೌಡ್‌ಲಿನಕ್ಸ್, ಒಬ್ಬೊಬ್ಬ ಗ್ರಾಹಕ ಎಷ್ಟು ಸಿಪಿಯು, ಎಷ್ಟು ಮೆಮೊರಿ, ಒಂದೇ ವೇಳೆಗೆ ಎಷ್ಟು ಪ್ರೊಸೆಸ್ ಬಳಸಬಹುದು ಎಂಬುದಕ್ಕೆ ಕಟ್ಟು ಹಾಕುವ ಸಾಧನವನ್ನು ಕಂಪನಿಗಳ ಕೈಗೆ ಕೊಟ್ಟಿತು. ಅಲ್ಲಿಂದಾಚೆಗೆ ನಿಜವಾದ ಮಿತಿ ಜಿಬಿಯಲ್ಲಿ ಉಳಿಯಲಿಲ್ಲ, ಈ ಅಂಕಿಗಳಲ್ಲಿ ಕೂತಿತು. ಫೈಲುಗಳ ಒಟ್ಟು ಸಂಖ್ಯೆಗೂ, ಅಂದರೆ ಐನೋಡ್‌ಗೂ, ಮಿತಿ ಇರುತ್ತದೆ. ಪ್ರತಿ ಚಿತ್ರವನ್ನೂ ಐದಾರು ಅಳತೆಗಳಲ್ಲಿ ಉಳಿಸಿಡುವ ವರ್ಡ್‌ಪ್ರೆಸ್ ಆ ಮಿತಿಯನ್ನು ಜಾಗ ತುಂಬುವ ಮೊದಲೇ ಮುಟ್ಟಬಲ್ಲದು. ಮೊದಲ ವರ್ಷದ ರಿಯಾಯಿತಿ ದರ ನವೀಕರಣದ ಹೊತ್ತಿಗೆ ಎರಡು ಮೂರು ಪಟ್ಟಾಗುವುದಂತೂ ಈ ವ್ಯಾಪಾರದಲ್ಲಿ ಎಲ್ಲರಿಗೂ ತಿಳಿದ ಮಾತು. ‘ಅತ್ಯುತ್ತಮ ಹತ್ತು ಹೋಸ್ಟಿಂಗ್’ ಎಂಬ ಪಟ್ಟಿಗಳಲ್ಲಿ ಬಹುಪಾಲು, ಗ್ರಾಹಕರನ್ನು ಕಳಿಸಿದ್ದಕ್ಕೆ ಕಂಪನಿಯಿಂದ ಕಮಿಷನ್ ಪಡೆಯುವವರು ಬರೆದವು ಎಂಬುದನ್ನೂ ಓದುಗರು ಮರೆಯಬಾರದು.

ಒಳ್ಳೆಯ ಹೆಸರಿನ ಕಂಪನಿಯನ್ನು ಆರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೆಸರು ಎಷ್ಟು ದಿನದ್ದು ಎಂಬುದಕ್ಕೆ ಎಂಡ್ಯೂರೆನ್ಸ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಸಮೂಹದ ಕಥೆಯೇ ಉತ್ತರ. ವರ್ಡ್‌ಪ್ರೆಸ್‌ನ ಸ್ವಂತ ತಾಣದಲ್ಲೇ ಶಿಫಾರಸು ಪಡೆದಿದ್ದ ಬ್ಲೂಹೋಸ್ಟನ್ನು ಅದು 2010ರಲ್ಲಿ ಕೊಂಡಿತು, 2012ರಲ್ಲಿ ಹೋಸ್ಟ್‌ಗೇಟರನ್ನು. 2014ರಲ್ಲಿ ಮುಂಬೈ ಮೂಲದ ಡೈರೆಕ್ಟಿಯಿಂದ ಬಿಗ್‌ರಾಕ್, ರೀಸೆಲ್ಲರ್‌ಕ್ಲಬ್ ಮುಂತಾದವು ಅದರ ತೆಕ್ಕೆಗೆ ಬಂದವು. 2021ರಲ್ಲಿ ಆ ಸಮೂಹವೇ ಒಂದು ಹೂಡಿಕೆ ಸಂಸ್ಥೆಯ ಪಾಲಾಗಿ, ವೆಬ್.ಕಾಂ ಜೊತೆ ಸೇರಿ ನ್ಯೂಫೋಲ್ಡ್ ಡಿಜಿಟಲ್ ಎಂಬ ಹೆಸರು ತಳೆಯಿತು. ಗ್ರಾಹಕರ ಪರದೆಯ ಮೇಲೆ ಮಾತ್ರ ಹಳೆಯ ಲೋಗೋಗಳೇ. 2013ರ ಆಗಸ್ಟ್ 2ರಂದು ಯೂಟಾ ರಾಜ್ಯದ ಪ್ರೊವೊದಲ್ಲಿದ್ದ ಡೇಟಾ ಸೆಂಟರಿನಲ್ಲಿ ನೆಟ್‌ವರ್ಕ್ ಕೆಟ್ಟಾಗ ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಹೋಸ್ಟ್‌ಮಾನ್‌ಸ್ಟರ್, ಜಸ್ಟ್‌ಹೋಸ್ಟ್ ಒಟ್ಟಿಗೇ ಕಣ್ಮುಚ್ಚಿದವು. ಪೈಪೋಟಿದಾರರೆಂದು ತಿಳಿದು ಇವುಗಳಲ್ಲಿ ಎರಡನ್ನು ಹೋಲಿಸಿ ಒಂದನ್ನು ಆರಿಸಿಕೊಂಡವರು, ಒಂದೇ ಕಟ್ಟಡದ ಎರಡು ಬಾಗಿಲುಗಳ ನಡುವೆ ಆರಿಸಿಕೊಂಡಿದ್ದರು. ಸಿಪ್ಯಾನೆಲ್ ಎಂಬ ನಿಯಂತ್ರಣ ತಂತ್ರಾಂಶವೂ ಹೀಗೆಯೇ ಕೈ ಬದಲಾಯಿಸಿತು. ಹೊಸ ಒಡೆಯರ ಕಾಲದಲ್ಲಿ, 2019ರಲ್ಲಿ, ಸರ್ವರ್ ಲೆಕ್ಕದ ಶುಲ್ಕ ಹೋಗಿ ಖಾತೆ ಲೆಕ್ಕದ ಶುಲ್ಕ ಬಂತು. ಸಣ್ಣ ಹೋಸ್ಟಿಂಗ್ ಕಂಪನಿಗಳು ಒಂದೋ ಹೊರೆಯನ್ನು ಗ್ರಾಹಕರಿಗೆ ದಾಟಿಸಿದವು, ಇಲ್ಲವೇ ಬೇರೆ ಪ್ಯಾನೆಲ್ ಹುಡುಕಿದವು.

ಕ್ಲೌಡ್ ಬಂದಮೇಲೆ ಈ ಚಿಂತೆ ತಪ್ಪಿತು ಎಂಬ ಮಾತು ಅರ್ಧ ಸತ್ಯ. 2006ರಲ್ಲಿ ಅಮೆಜಾನ್ ಗಂಟೆಯ ಬಾಡಿಗೆಗೆ ಸರ್ವರ್ ಕೊಡಲು ಆರಂಭಿಸಿತು. 2016ರಲ್ಲಿ ಅದರ ಮುಂಬೈ ಕೇಂದ್ರವೂ ಡಿಜಿಟಲ್ ಓಷನ್‌ನ ಬೆಂಗಳೂರು ಕೇಂದ್ರವೂ ತೆರೆದವು. ಇಂಥ ವರ್ಚುವಲ್ ಸರ್ವರ್ ಅಥವಾ ವಿಪಿಎಸ್‌ನಲ್ಲಿ ನೆರೆಯವರ ಕಾಟ ಕಡಿಮೆ, ಹೊರಹೋಗುವ ದಾರಿ ಅಗಲ. ಬೆಲೆ ತೆರಬೇಕಾದದ್ದು ದುಡಿಮೆಯಲ್ಲಿ: ಸರ್ವರ್ ನವೀಕರಣ, ಫೈರ್‌ವಾಲ್, ಬ್ಯಾಕಪ್, ಪಿಎಚ್‌ಪಿಯ ಹೊಸ ಆವೃತ್ತಿ ಎಲ್ಲ ಬಳಸುವವರ ತಲೆಯ ಮೇಲೆ. ನೋಡಿಕೊಳ್ಳಲು ಮನುಷ್ಯರಿಲ್ಲದ ವಿಪಿಎಸ್‌ಗಿಂತ ಒಳ್ಳೆಯ ಶೇರ್ಡ್ ಹೋಸ್ಟಿಂಗ್ ಎಷ್ಟೋ ಮೇಲು.

ಇಲ್ಲೇ ವೇಗದ ಮಾತನ್ನೂ ಆಡಬೇಕು, ಏಕೆಂದರೆ ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಅದು: ಓದುಗರು ಕಾಯುವುದಿಲ್ಲ, ವೇಗವಿಲ್ಲದ ತಾಣಕ್ಕೆ ಹೊರದಾರಿ ಇದ್ದರೆಷ್ಟು, ಬಿಟ್ಟರೆಷ್ಟು? ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ನೇರ ಗೆರೆಯಲ್ಲೇ ಸುಮಾರು 14,000 ಕಿಲೋಮೀಟರ್. ಹೋಗಿಬರಲು ಕಡಿಮೆಯೆಂದರೂ 140 ಮಿಲಿಸೆಕೆಂಡ್ ಬೇಕು, ಕೇಬಲ್‌ಗಳ ಸುತ್ತುದಾರಿಯಿಂದ ಅದು 200 ದಾಟುತ್ತದೆ. ಪುಟ ತೆರೆಯುವ ಮೊದಲೇ ಇಂಥ ಹೋಗಿಬರುವಿಕೆ ಹಲವು ಸಲ ನಡೆಯುವುದರಿಂದ, ಓದುಗರು ಕರ್ನಾಟಕದಲ್ಲಿದ್ದರೆ ಸರ್ವರ್ ಭಾರತದಲ್ಲಿರುವುದೇ ಸರಿ. ದುಬೈ, ಲಂಡನ್, ನ್ಯೂಜೆರ್ಸಿಗಳ ಕನ್ನಡಿಗರೂ ಓದುವ ಪತ್ರಿಕೆಯಾದರೆ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ ಬಳಸಬಹುದು. ಅದು ಪುಟದ ನಕಲನ್ನು ಓದುಗರ ಹತ್ತಿರದಲ್ಲೇ ಇಟ್ಟಿರುತ್ತದೆ. ಲಾಗಿನ್ ಆದವರಿಗೆ, ಪುಸ್ತಕ ಕೊಳ್ಳುವವರಿಗೆ ಮಾತ್ರ ಮೂಲ ಸರ್ವರ್‌ನ ದೂರ ಕಾಡುತ್ತದೆ. ಆದರೆ ಗಮನಿಸಿ: ದೂರವನ್ನು ಸರಿಪಡಿಸುವ ಉಪಾಯವೂ ಕೊನೆಗೆ ತಾಣವನ್ನು ಹತ್ತಿರದ ಸರ್ವರ್‌ಗೆ ಎತ್ತಿ ಇಡುವುದೇ. ಎತ್ತಲು ಬರುವ ತಾಣಕ್ಕೆ ವೇಗವನ್ನು ನಾಳೆಯೂ ತಂದುಕೊಳ್ಳಬಹುದು.

ಮ್ಯಾನೇಜ್ಡ್ ಹೋಸ್ಟಿಂಗ್ ವಿಪಿಎಸ್ ಬೇಡುವ ದುಡಿಮೆಯ ಸಮಸ್ಯೆಗೆ ಬಂದ ಉತ್ತರ. ಡ್ರುಪಲ್‌ಗಾಗಿ 2007ರಲ್ಲಿ ಆಕ್ವಿಯಾ, ವರ್ಡ್‌ಪ್ರೆಸ್‌ಗಾಗಿ 2010ರಲ್ಲಿ ಡಬ್ಲ್ಯುಪಿ ಎಂಜಿನ್ ಹುಟ್ಟಿದವು. ನವೀಕರಣ, ಕ್ಯಾಶ್, ದಿನದ ಬ್ಯಾಕಪ್, ಪರೀಕ್ಷೆಗೊಂದು ಪ್ರತ್ಯೇಕ ನಕಲು ಎಲ್ಲ ಅವರ ಹೊಣೆ; ದರ ಹಲವು ಪಟ್ಟು. ತಾಂತ್ರಿಕ ಸಿಬ್ಬಂದಿ ಇಲ್ಲದ ಪತ್ರಿಕೆಗೋ ಕಾಲೇಜಿಗೋ ಇದು ದುಬಾರಿಯಾದರೂ ನ್ಯಾಯವಾದ ಆಯ್ಕೆ ಎಂದೇ ಹೇಳುತ್ತೇನೆ. ಆದರೂ 2024ರ ಸೆಪ್ಟೆಂಬರಿನಲ್ಲಿ ನಡೆದದ್ದನ್ನು ನೆನಪಿಡಬೇಕು. ಮಲೆನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ನಡುವೆ ಟ್ರೇಡ್‌ಮಾರ್ಕ್ ಜಗಳ ಹೊತ್ತಿಕೊಂಡು, ಸೆಪ್ಟೆಂಬರ್ 25ರಂದು ಆ ಕಂಪನಿಯ ಸರ್ವರ್‌ಗಳಿಗೆ ವರ್ಡ್‌ಪ್ರೆಸ್‌ನ ಕೇಂದ್ರ ಭಂಡಾರದ ಬಾಗಿಲು ಮುಚ್ಚಲಾಯಿತು. ಗ್ರಾಹಕರು ತಮ್ಮ ಡ್ಯಾಶ್‌ಬೋರ್ಡಿನಿಂದ ಪ್ಲಗಿನ್ ಹಾಕಿಕೊಳ್ಳುವುದೂ ನವೀಕರಿಸುವುದೂ ನಿಂತಿತು. ಮಧ್ಯೆ ಕೆಲ ದಿನಗಳ ಬಿಡುವು, ಮೊಕದ್ದಮೆ, ಕೊನೆಗೆ ಡಿಸೆಂಬರ್ 10ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದ ತಡೆಯಾಜ್ಞೆ. ತಪ್ಪು ಯಾರದು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಗ್ರಾಹಕರದ್ದಂತೂ ಏನೂ ತಪ್ಪಿರಲಿಲ್ಲ. ಆದರೆ ಫೋಲ್ಡರ್ ಮತ್ತು ಡೇಟಾಬೇಸ್ ಅವರ ಕೈಗೆ ಸಿಗುವಂತಿದ್ದವು, ಹೋಗಬೇಕೆಂದವರು ಹೋದರು.

ಬ್ಯಾಕಪ್ ಕಂಪನಿಯ ಕೆಲಸವಲ್ಲವೇ ಎಂಬ ಭಾವನೆಯನ್ನು 2021ರ ಮಾರ್ಚ್ 10ರ ಬೆಂಕಿ ಸುಟ್ಟುಹಾಕಬೇಕಿತ್ತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಉರಿದುಹೋಯಿತು. ಕೆಲವು ಗ್ರಾಹಕರು ಹಣ ಕೊಟ್ಟು ಮಾಡಿಸಿದ್ದ ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿತ್ತು. 2023ರ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ ಸರ್ವರ್ ಮತ್ತು ಬ್ಯಾಕಪ್ ಎರಡೂ ಒಟ್ಟಿಗೆ ಬೀಗ ಹಾಕಿಸಿಕೊಂಡವು. ಬಹುಪಾಲು ಗ್ರಾಹಕರ ದತ್ತಾಂಶ ಮರಳಲಿಲ್ಲ. ಅದೇ ಕಂಪನಿಯ ಬಳಿ ಇರುವ ಬ್ಯಾಕಪ್ ಒಂದು ಅನುಕೂಲ. ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಕಾದದ್ದು ಬೇರೆ ಕಡೆ ಇರುವುದನ್ನು.

ಕನ್ನಡ ತಾಣಗಳಿಗೆ ಹೀಗೆ ಎತ್ತಿಕೊಂಡು ಹೋಗುವುದರಲ್ಲಿ ಒಂದು ವಿಶೇಷ ಸಂಕಟವುಂಟು. ಯೂನಿಕೋಡ್‌ನ ಕನ್ನಡ ಅಕ್ಷರ ಒಂದೊಂದೂ ಯುಟಿಎಫ್-8ರಲ್ಲಿ ಮೂರು ಬೈಟ್. ಹಳೆಯ ಮೈಎಸ್‌ಕ್ಯೂಎಲ್ ಎಲ್ಲವನ್ನೂ ಲ್ಯಾಟಿನ್ ಅಕ್ಷರವೆಂದೇ ಬಗೆಯುತ್ತಿತ್ತು. 2007ಕ್ಕೆ ಮೊದಲಿನ ವರ್ಡ್‌ಪ್ರೆಸ್ ತಾಣಗಳಲ್ಲಿ ಕನ್ನಡ ಹೀಗೆ ಲ್ಯಾಟಿನ್ ವೇಷದಲ್ಲಿ ಕೂತಿದ್ದದ್ದುಂಟು. ಅದೇ ಸರ್ವರ್‌ನಲ್ಲಿ ಇರುವವರೆಗೆ ಯಾವ ತೊಂದರೆಯೂ ಕಾಣುವುದಿಲ್ಲ. ಹೊಸ ಸರ್ವರ್‌ಗೆ ಸಾಗಿಸಿದ ದಿನ ಪ್ರತಿ ಅಕ್ಷರವೂ ಮೂರು ವಿಚಿತ್ರ ಚಿಹ್ನೆಗಳಾಗಿ ಒಡೆಯುತ್ತದೆ. ಆಮೇಲೆ ಬಂದ ‘ಯುಟಿಎಫ್8’ ಏರ್ಪಾಡು ಮೂರು ಬೈಟ್‌ವರೆಗೆ ಮಾತ್ರ ನುಂಗುತ್ತಿತ್ತು. ಕನ್ನಡಕ್ಕೆ ಸಾಕು, ಎಮೋಜಿಗೆ ಸಾಲದು. ಎಮೋಜಿ ಇದ್ದಲ್ಲಿಗೇ ಬರಹ ತುಂಡಾಗುವ ಸಂಭವವಿತ್ತು. 2015ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 4.2, ನಾಲ್ಕು ಬೈಟ್ ಹಿಡಿಯುವ ‘ಯುಟಿಎಫ್8ಎಂಬಿ4’ಗೆ ಹೊರಳಿತು. ಹಾಗಾಗಿ ಹೋಸ್ಟಿಂಗ್ ಆರಿಸುವಾಗ ಡೇಟಾಬೇಸ್ ಆವೃತ್ತಿ ಹೊಸದೇ, ಪಿಎಚ್‌ಪಿ ಆವೃತ್ತಿಯನ್ನು ನಾವೇ ಬದಲಾಯಿಸಬಹುದೇ, ಎಸ್‌ಎಸ್‌ಎಚ್ ಮೂಲಕ ಡೇಟಾಬೇಸ್ ಇಳಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಕೇಳುವುದು ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಹೆಚ್ಚು ಅಗತ್ಯ.

ಹಣ ಕಟ್ಟುವ ವಿಚಾರದಲ್ಲೂ ಭಾರತದವರಿಗೆ ಬೇರೆ ತೊಡಕಿದೆ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಾದ ಮೇಲೆ, ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳ ತಾನಾಗಿ ನವೀಕರಣಗೊಳ್ಳುವ ಕಾರ್ಡ್ ಪಾವತಿ ನಿಲ್ಲತೊಡಗಿತು. ಹೋಸ್ಟಿಂಗ್ ನಿಂತರೆ ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಬಹುದು. ಡೊಮೇನ್ ಅವಧಿ ಮೀರಿ ಬೇರೆಯವರ ಪಾಲಾದರೆ ಎಬ್ಬಿಸಲು ಏನೂ ಉಳಿಯದು. ‘ಹೋಸ್ಟಿಂಗ್ ಜೊತೆ ಡೊಮೇನ್ ಉಚಿತ’ ಎಂಬ ಕೊಡುಗೆಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಡೊಮೇನನ್ನು ಬೇರೊಂದು ಕಂಪನಿಯಲ್ಲಿ, ಸಂಸ್ಥೆಯ ಸ್ವಂತ ಹೆಸರಿನಲ್ಲಿ, ಹಲವು ವರ್ಷಕ್ಕೆ ಮುಂಗಡ ಕಟ್ಟಿ ಇಟ್ಟುಕೊಳ್ಳಬೇಕು. ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಅಲ್ಲ.

ಇಷ್ಟೆಲ್ಲ ಮುಂಜಾಗ್ರತೆ ವಾರಕ್ಕೆ ಐವತ್ತು ಜನ ಓದುವ ತಾಣಕ್ಕೆ ಅತಿಯಾಯಿತು ಎನ್ನಬಹುದು. ಹಣದ ಲೆಕ್ಕದಲ್ಲಿ ಇದು ಹೊರೆಯೇ ಅಲ್ಲ. 2016ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಪ್ರಯೋಗದ ಹಂತ ದಾಟಿದ ಮೇಲೆ ಎಸ್‌ಎಸ್‌ಎಲ್ ಪ್ರಮಾಣಪತ್ರವೂ ಉಚಿತ. ಅದಕ್ಕೆ ಪ್ರತ್ಯೇಕ ಹಣ ಕೇಳುವ ಕಂಪನಿಯನ್ನು ಅಲ್ಲಿಗೇ ಬಿಡಬಹುದು. ಸಣ್ಣ ತಾಣದ ಬ್ಯಾಕಪ್ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ದೊಡ್ಡ ಪತ್ರಿಕೆಯ ಬರಹ ಬೇರೆ ಹತ್ತು ಕಡೆ ನಕಲಾಗಿರುತ್ತದೆ. ಊರಿನ ಇತಿಹಾಸವನ್ನೋ ತಾಳಮದ್ದಳೆಯ ದಾಖಲೆಯನ್ನೋ ಇಟ್ಟುಕೊಂಡ ಸಣ್ಣ ತಾಣ ಅಳಿದರೆ ಅದರ ಎರಡನೇ ಪ್ರತಿ ಎಲ್ಲೂ ಸಿಗುವುದಿಲ್ಲ. ಆದ್ದರಿಂದ ಹೊಸ ಕಂಪನಿಗೆ ಮೂರು ವರ್ಷದ ಹಣ ಒಟ್ಟಿಗೆ ಕಟ್ಟುವ ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ; ಆ ತಿಂಗಳಲ್ಲೇ ಫೋಲ್ಡರ್ ಮತ್ತು ಡೇಟಾಬೇಸ್ ಇಳಿಸಿಕೊಂಡು, ನಿಮ್ಮದೇ ಕಂಪ್ಯೂಟರಿನಲ್ಲೋ ಇನ್ನೊಂದು ಸರ್ವರ್‌ನಲ್ಲೋ ತಾಣವನ್ನು ಎಬ್ಬಿಸಿ, ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ನೋಡಿ. ಮೂಡಿದರೆ ಉಳಿದ ಹಣ ಕಟ್ಟಿ.