ಹೈದರಾಬಾದಿನ ಕೋಶಕಾರರೂ ಕೊಂಡಿಯ ಧರ್ಮವೂ

ಕೊಮರ್ರಾಜು ಲಕ್ಷ್ಮಣರಾಯರು 1923ರಲ್ಲಿ ಕಾಲವಶರಾದಾಗ ಅವರ ‘ಆಂಧ್ರ ವಿಜ್ಞಾನ ಸರ್ವಸ್ವ’ವೆಂಬ ತೆಲುಗು ವಿಶ್ವಕೋಶವು ಮೂರು ಸಂಪುಟಗಳನ್ನು ಕಂಡಿದ್ದರೂ ವರ್ಣಮಾಲೆಯ ಮೊದಲನೆಯ ಅಕ್ಷರವನ್ನು ದಾಟಿರಲಿಲ್ಲ. 1901ರಲ್ಲಿ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂಬ ಗ್ರಂಥಾಲಯವು ತಲೆಯೆತ್ತುವುದಕ್ಕೆ ಕಾರಣರಾದವರಲ್ಲಿ ಒಬ್ಬರಾಗಿ, 1906ರಲ್ಲಿ ಅದೇ ನಗರದಲ್ಲಿ ವಿಜ್ಞಾನ ಚಂದ್ರಿಕಾ ಮಂಡಲಿಯನ್ನು ಸ್ಥಾಪಿಸಿ, ದೇಶಭಾಷೆಯಲ್ಲಿ ಶಾಸ್ತ್ರ ಮತ್ತು ಚರಿತ್ರೆಗಳನ್ನು ಬರೆಯಿಸಿದ ಆ ಮಹನೀಯರು, ಮಂಡಲಿಯು ಮದರಾಸಿಗೆ ತೆರಳಿದ ಬಳಿಕ ಕೈಕೊಂಡ ಮಹಾಕಾರ್ಯ ಅದು. ಅಕಾರದಲ್ಲೇ ನಿಂತುಹೋದ ಕೋಶದಲ್ಲಿ ಮುಂದಿನ ಅಕ್ಷರಗಳ ಕಡೆಗೆ ಮಾಡಿದ ಯಾವ ನಿರ್ದೇಶವಾದರೂ ಬರೆಯಲ್ಪಡದ ಲೇಖನದ ಬಾಗಿಲಿಗೆ ವಾಚಕನನ್ನು ಕರೆದೊಯ್ದು ನಿಲ್ಲಿಸುವುದಲ್ಲದೆ ಬೇರೇನನ್ನೂ ಮಾಡಲಾರದು.

ಅಕ್ಷರಕ್ರಮವು ಹುಡುಕುವವನಿಗೆ ಉಪಕಾರಿಯಾದರೂ ವಿಷಯಗಳ ಸಹಜಬಾಂಧವ್ಯವನ್ನು ಕಡಿಯುತ್ತದೆ. ಗೋಲ್ಕೊಂಡೆಯು ಗಕಾರಕ್ಕೂ ಮೂಸಿ ನದಿಯು ಮಕಾರಕ್ಕೂ ಹೈದರಾಬಾದು ಹಕಾರಕ್ಕೂ ಸೇರಿ, ಒಂದೇ ಚರಿತ್ರೆಯ ಅಂಗಗಳು ಬೇರೆ ಬೇರೆ ಸಂಪುಟಗಳ ಪಾಲಾಗುತ್ತವೆ. ಈ ಭಂಗವನ್ನು ಪರಿಹರಿಸಲೆಂದೇ ಲಂಡನ್ನಿನ ಎಫ್ರೇಮ್ ಚೇಂಬರ್ಸನು 1728ರಲ್ಲಿ ಪ್ರಕಟಿಸಿದ ತನ್ನ ಕೋಶದುದ್ದಕ್ಕೂ ‘ಇದನ್ನು ನೋಡಿ’ ಎಂಬ ಪರಸ್ಪರೋಲ್ಲೇಖಗಳನ್ನು ಹೆಣೆದನು. ಇಂದು ವಿಕಿಪೀಡಿಯದ ಪುಟಗಳಲ್ಲಿ ಕೊಂಡಿಯೆನಿಸಿಕೊಳ್ಳುವುದು ಆ ಉಲ್ಲೇಖದ ಸಂತತಿ. ಅದು ಒಬ್ಬ ಲೇಖಕನು ತಾನು ಕಾಣದ ಇನ್ನೊಬ್ಬ ಲೇಖಕನನ್ನು ನಂಬಿ ವಾಚಕನಿಗೆ ಕೊಡುವ ವಚನವೆಂದು ಭಾವಿಸಿದರೆ, ಕೊಂಡಿ ಹಾಕುವ ಕ್ರಮದ ನಿಯಮಗಳೆಲ್ಲವೂ ತಾವಾಗಿಯೇ ತಿಳಿಯುವುವು.

ಮುದ್ರಿತ ಕೋಶದಲ್ಲಿ ಈ ವಚನವನ್ನು ಪಾಲಿಸುವ ಹೊಣೆ ಸಂಪಾದಕ ಮಂಡಲಿಯದು. 1958ರಿಂದ ಹೈದರಾಬಾದಿನಲ್ಲಿ ಎಂಟು ಸಂಪುಟಗಳಾಗಿ ಹೊರಬಂದ ‘ಸಂಗ್ರಹ ಆಂಧ್ರ ವಿಜ್ಞಾನ ಕೋಶ’ವು, ತನ್ನ ಹೆಸರೇ ಸಾರುವಂತೆ, ಸಂಗ್ರಹದ ಮಾರ್ಗವನ್ನು ಹಿಡಿದು ಕೊನೆ ಮುಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲನೆಯ ಸಂಪುಟವು 1969ರಲ್ಲಿ ಪ್ರಕಟವಾದರೆ ಹದಿನಾಲ್ಕನೆಯದು 2004ರಲ್ಲಿ ಪ್ರಕಟವಾಯಿತು, ಆದುದರಿಂದ ಅಕಾರದಿಂದ ಹಕಾರಕ್ಕೆ ಹೋಗಬಯಸಿದ ವಾಚಕನು ಮೂವತ್ತೈದು ವರ್ಷ ಕಾಯಬೇಕಾಗಿತ್ತು. ಒಮ್ಮೆ ಅಚ್ಚಾದ ನಿರ್ದೇಶವನ್ನು ತಿದ್ದುವ ಉಪಾಯವಿಲ್ಲದ ಕಾರಣ, ಮುಂದೆ ಯಾವ ಶೀರ್ಷಿಕೆಯಲ್ಲಿ ಯಾವ ಲೇಖನ ಬರುವುದೆಂಬುದನ್ನು ಮೊದಲೇ ನಿರ್ಧರಿಸಿದ ಪಟ್ಟಿಯೇ ಇಂತಹ ಕೋಶಕ್ಕೆ ಆಧಾರ.

ಆ ಪಟ್ಟಿಯನ್ನು ಕೈಬಿಟ್ಟದ್ದೇ ವಿಕಿಯ ನವೀನತೆ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮರು 1995ರಲ್ಲಿ ಆರಂಭಿಸಿದ ಮೊದಲನೆಯ ವಿಕಿಯಲ್ಲಿ, ದೊಡ್ಡಕ್ಷರದಿಂದ ತೊಡಗುವ ಎರಡು ಪದಗಳನ್ನು ಬೆಸೆದು ಬರೆದರೆ ಸಾಕು, ಅದು ಕೊಂಡಿಯಾಗುತ್ತಿತ್ತು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೇ ಅರಿಯದ ತೆಲುಗು ಕನ್ನಡಗಳಿಗೆ ಈ ಏರ್ಪಾಡು ನಿರುಪಯೋಗಿಯಾಗುತ್ತಿತ್ತು. 2001ರಲ್ಲಿ ವಿಕಿಪೀಡಿಯವು ಕೊಂಡಿಯಾಗಬೇಕಾದ ಪದವನ್ನು ಜೋಡಿ ಚೌಕಾವರಣದೊಳಗೆ ಬರೆಯುವ ಪದ್ಧತಿಯನ್ನು ಹಿಡಿದುದರಿಂದ, 2003ರಲ್ಲಿ ಕನ್ನಡದ ಮತ್ತು ತೆಲುಗಿನ ವಿಕಿಪೀಡಿಯಗಳು ಹುಟ್ಟುವ ವೇಳೆಗೆ ದಾರಿ ಸುಗಮವಾಗಿತ್ತು. ಆದರೂ ನಮ್ಮ ವ್ಯಾಕರಣವು ಬೇರೊಂದು ಎಚ್ಚರವನ್ನು ಬೇಡುತ್ತದೆ. ವಾಕ್ಯದಲ್ಲಿ ‘ಹೈದರಾಬಾದಿನಲ್ಲಿ’, ‘ಹೈದರಾಬಾದಿಗೆ’ ಎಂದು ವಿಭಕ್ತಿ ಸೇರಿದ ರೂಪಗಳೇ ಬರುವುದರಿಂದ, ಮೂಲ ಶೀರ್ಷಿಕೆಯನ್ನು ಮೊದಲು ಬರೆದು, ನಡುವೆ ನೇರಗೆರೆಯನ್ನಿಟ್ಟು, ವಾಚಕನಿಗೆ ಕಾಣಬೇಕಾದ ರೂಪವನ್ನು ಅನಂತರ ಬರೆಯತಕ್ಕದ್ದು. ಈ ಶ್ರಮವನ್ನು ಉಳಿಸಲೆಂದು ಸವಿಭಕ್ತಿಕ ರೂಪಕ್ಕೇ ಕೊಂಡಿ ಹಾಕಿದವನು ಎಂದಿಗೂ ಬರೆಯಲ್ಪಡಲಾರದ ಶೀರ್ಷಿಕೆಯೊಂದನ್ನು ಸೃಷ್ಟಿಸಿದಂತಾಗುವುದು.

ಶೀರ್ಷಿಕೆಯ ಕಷ್ಟಕ್ಕೆ ಹೈದರಾಬಾದಿಗಿಂತ ಉತ್ತಮ ನಿದರ್ಶನ ದುರ್ಲಭ. 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಷಾನು ಮೂಸಿಯ ದಡದಲ್ಲಿ ಕಟ್ಟಿಸಿದ ನಗರ ಒಂದು. 1768ರಲ್ಲಿ ಗುಲಾಮ್ ಷಾ ಕಲ್ಹೋರೋ ಸಿಂಧ್ ಪ್ರಾಂತದಲ್ಲಿ ಸ್ಥಾಪಿಸಿದ ನಗರ ಇನ್ನೊಂದು. ನಿಜಾಮರ ಸಂಸ್ಥಾನ ಬೇರೆ, 1948ರ ಬಳಿಕ 1956ರವರೆಗೆ ಬಾಳಿದ ಹೈದರಾಬಾದು ರಾಜ್ಯ ಬೇರೆ, ಇಂದಿನ ಜಿಲ್ಲೆ ಬೇರೆ. ರಾಯಚೂರಿನ ಚರಿತ್ರೆಯನ್ನು ಬರೆಯುವ ಕನ್ನಡಿಗನು ‘1948ಕ್ಕೆ ಮುಂಚೆ ಹೈದರಾಬಾದಿಗೆ ಸೇರಿತ್ತು’ ಎಂದು ಬರೆದು ಅಲ್ಲಿ ನಗರದ ಪುಟಕ್ಕೆ ಕೊಂಡಿ ಹಾಕಿದನಾದರೆ, ವಾಕ್ಯವು ಸತ್ಯವಾಗಿದ್ದರೂ ಕೊಂಡಿಯು ಅಸತ್ಯವಾಗುವುದು. ಅಲ್ಲಿ ಉದ್ದಿಷ್ಟವಾದುದು ಸಂಸ್ಥಾನವಷ್ಟೆ. ಒಂದೇ ಹೆಸರಿನ ಹಲವು ವಸ್ತುಗಳಿಗೆ ದ್ವಂದ್ವ ನಿವಾರಣೆಯ ಪುಟವನ್ನೂ, ಒಂದೇ ವಸ್ತುವಿನ ಹಲವು ಬರಹರೂಪಗಳಿಗೆ ಮುಖ್ಯಪುಟದತ್ತ ತಿರುಗಿಸುವ ಪುನರ್ನಿರ್ದೇಶನವನ್ನೂ ಏರ್ಪಡಿಸಿರುವುದು ಇದಕ್ಕಾಗಿಯೇ.

ಸಂಖ್ಯೆಯಲ್ಲಿಯೂ ಸಂಯಮ ಬೇಕು. ಪ್ರತಿಯೊಂದು ನಾಮಪದವನ್ನೂ ಕೊಂಡಿಯಾಗಿಸಿದ ಪುಟವು ಎಲ್ಲ ಸಾಲಿಗೂ ಅಡಿಗೆರೆ ಎಳೆದ ಪಠ್ಯಪುಸ್ತಕದಂತೆ ಯಾವುದನ್ನೂ ಎತ್ತಿ ತೋರಿಸುವುದಿಲ್ಲ. ವಿಷಯವನ್ನು ಗ್ರಹಿಸುವುದಕ್ಕೆ ಅಗತ್ಯವಾದ ಹೆಸರಿಗೆ, ಅದು ಮೊದಲು ಬಂದೆಡೆಯಲ್ಲಿ, ಒಂದು ಸಲ ಕೊಂಡಿ ಹಾಕಿದರೆ ಸಾಕು. ನಿಷ್ಪಕ್ಷಪಾತವೂ ಅಷ್ಟೇ ಮುಖ್ಯ. ಹದಿನೆಂಟನೆಯ ಶತಮಾನದ ಫ್ರೆಂಚ್ ವಿಶ್ವಕೋಶದಲ್ಲಿ ನರಭಕ್ಷಣೆಯ ಲೇಖನದಿಂದ ಕ್ರೈಸ್ತರ ಪ್ರಸಾದವಿಧಿಯ ಲೇಖನಕ್ಕೆ ವಾಚಕನನ್ನು ಕಳುಹಿಸಿದ್ದುದು ಪ್ರಸಿದ್ಧ. ಅದರ ಸಂಪಾದಕನಾದ ದಿದೆರೋವಿನ ಬಳಗಕ್ಕೆ ಅದು ಧರ್ಮಪೀಠದೊಡನೆ ಹೂಡಿದ ಗುಪ್ತಸಮರವಾಗಿತ್ತು. ಅಲ್ಲಿ ಶ್ಲಾಘ್ಯವೆನಿಸಿದ ಜಾಣ್ಮೆಯೇ ಎಲ್ಲರ ಒಡೆತನದಲ್ಲಿರುವ ವಿಕಿಯಲ್ಲಿ ದೋಷವಾಗುವುದು, ಏಕೆಂದರೆ ಬಾಯಿಬಿಟ್ಟು ಹೇಳದ ಅಭಿಪ್ರಾಯವನ್ನು ಇತರ ಲೇಖಕರು ಖಂಡಿಸಲಾರರು.

ಇನ್ನೂ ಬರೆಯದಿರುವ ಪುಟದತ್ತ ಚಾಚಿದ ಕೊಂಡಿಯು ವಿಕಿಯಲ್ಲಿ ಕೆಂಪಾಗಿ ಕಾಣುವುದು. ಲಕ್ಷ್ಮಣರಾಯರ ಕೋಶಕ್ಕೆ ಬಂದಂತಹ ಸ್ಥಿತಿಯನ್ನು ಈ ಏರ್ಪಾಡು ಅಪೂರ್ಣತೆಯ ಪ್ರಾಂಜಲ ಪ್ರಕಟಣೆಯಾಗಿ ಮಾರ್ಪಡಿಸಿ, ಮುಂದಿನವನಿಗೆ ಕೆಲಸವನ್ನು ಒಪ್ಪಿಸುತ್ತದೆ. ಆದಕಾರಣ ಲೇಖನಕ್ಕೆ ಅರ್ಹವಾದ ವಿಷಯದ ಕೆಂಪು ಕೊಂಡಿಯನ್ನು ಅಳಿಸುವುದು ಅಚಾತುರ್ಯ. ಇದಕ್ಕೆ ಪ್ರತಿಯಾದ ವ್ಯಾಧಿಯೂ ಉಂಟು: ಯಾವ ಪುಟದಿಂದಲೂ ಕೊಂಡಿಯಿಲ್ಲದೆ ಅನಾಥವಾಗಿ ಉಳಿಯುವ ಲೇಖನ. ಗ್ರಾಮಗಳ ಹೆಸರಿನಲ್ಲಿ ರಾಶಿಯಾಗಿ ರಚಿತವಾಗುವ ಪುಟಗಳಿಗೆ ಈ ಅಪಾಯ ಹೆಚ್ಚು.

ಭಾರತದ ನಾನಾ ಭಾಷೆಗಳ ವಿಕಿ ಲೇಖಕರು 2023ರ ಏಪ್ರಿಲಿನಲ್ಲಿ ಸಮ್ಮೇಳನಕ್ಕಾಗಿ ನೆರೆದುದೂ ಹೈದರಾಬಾದಿನಲ್ಲಿಯೇ. ಲಕ್ಷ್ಮಣರಾಯರ ಕಾಲದಲ್ಲಿ ಸಂಪಾದಕನು ಒಬ್ಬನೇ ಹೊರುತ್ತಿದ್ದ ಹೊಣೆಯು ಈಗ ಇಂತಹ ಸಮುದಾಯಕ್ಕೆ ಹಂಚಿಹೋಗಿದೆ. ಹಂಚಿಹೋದ ಹೊಣೆಯು ಯಾರದೂ ಅಲ್ಲದಂತಾಗುವುದು ಲೋಕಸ್ವಭಾವ. ಹೀಗಿರುವುದರಿಂದ ಹೊಸ ಪುಟವನ್ನು ಬರೆದವನು ತನ್ನ ಬರಹದಿಂದ ಹೊರಗೆ ಹೋಗುವ ಕೊಂಡಿಗಳನ್ನು ಸರಿಪಡಿಸಿದಷ್ಟಕ್ಕೇ ತೃಪ್ತನಾಗದೆ, ಹಳೆಯ ಪುಟಗಳಿಗೆ ಹೋಗಿ ಅಲ್ಲಿಂದ ತನ್ನ ಪುಟಕ್ಕೆ ದಾರಿಯನ್ನು ಏರ್ಪಡಿಸುವವರೆಗೆ ಕೆಲಸ ಮುಗಿಯಿತೆಂದು ಎಣಿಸಬಾರದು.