ಡು ಬಾಯ್ಸ್: ಒಂದು ಮರುಓದು

ಡು ಬಾಯ್ಸ್, ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್: 1868-1963. ಅಮೆರಿಕದ ಸಮಾಜಶಾಸ್ತ್ರಜ್ಞ, ಇತಿಹಾಸಕಾರ, ಸಂಪಾದಕ. ಜನನ ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ. ಬರ್ಲಿನ್‌ನಲ್ಲಿ ಎರಡು ವರ್ಷ ಓದಿ, 1895ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಆ ಪದವಿ ಪಡೆದ ಕಪ್ಪು ಜನಾಂಗದವರಲ್ಲಿ ಇವರೇ ಮೊದಲಿಗರು. ಹೋರಾಟಗಾರರೆಂದು ಹೆಸರಾದ ಇವರನ್ನು ಸಮಾಜಶಾಸ್ತ್ರದ ಪಠ್ಯಗಳು ಬಹುಕಾಲ ಅಡಿಟಿಪ್ಪಣಿಯಲ್ಲೇ ಉಳಿಸಿದ್ದವು.

ಮರುಓದು ಶುರುವಾಗಬೇಕಾದದ್ದು ಫಿಲಡೆಲ್ಫಿಯಾದಿಂದ. ನಗರದ ಏಳನೆಯ ವಾರ್ಡಿನ ಕಪ್ಪು ಜನರ ಸ್ಥಿತಿಗತಿಯನ್ನು ಅಧ್ಯಯನ ಮಾಡಲು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ 1896ರಲ್ಲಿ ಇವರನ್ನು ಸಹಾಯಕ ಹುದ್ದೆಗೆ ನೇಮಿಸಿಕೊಂಡಿತು. ಪಾಠ ಹೇಳುವ ಅವಕಾಶ ಕೊಡಲಿಲ್ಲ. (2012ರಲ್ಲಿ ಅದೇ ವಿಶ್ವವಿದ್ಯಾಲಯ ಮರಣೋತ್ತರವಾಗಿ ಗೌರವ ಪ್ರಾಧ್ಯಾಪಕ ಪದವಿ ನೀಡಿತು.) ಮದುವೆಯಾದ ಹೊಸದರಲ್ಲಿದ್ದ ಡು ಬಾಯ್ಸ್ ಪತ್ನಿಯೊಡನೆ ಆ ವಾರ್ಡಿನಲ್ಲೇ ಮನೆ ಹಿಡಿದು, ಪ್ರಶ್ನಾವಳಿ ಕೈಯಲ್ಲಿಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ಹೋದರು. ಅಲ್ಲಿ ನೆಲೆಸಿದ್ದ ಕಪ್ಪು ಜನರ ಸಂಖ್ಯೆ 9,675. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ ಸರ್ಕಾರಿ ಅಂಕಿಅಂಶಗಳನ್ನು ಆಧರಿಸಿ ಆತ್ಮಹತ್ಯೆಯ ಕುರಿತ ಗ್ರಂಥ ಬರೆಯುತ್ತಿದ್ದರು ಎಂಬುದನ್ನು ನೆನೆದರೆ ಈ ಕೆಲಸದ ಹೊಸತನ ತಿಳಿಯುತ್ತದೆ. 1899ರಲ್ಲಿ ಪ್ರಕಟವಾದ ‘ದಿ ಫಿಲಡೆಲ್ಫಿಯಾ ನೀಗ್ರೊ’ ಬಡತನ, ಅಪರಾಧಗಳಿಗೆ ಜನಾಂಗದ ಸ್ವಭಾವವನ್ನು ಹೊಣೆ ಮಾಡಲಿಲ್ಲ. ಗುಲಾಮಗಿರಿಯ ಚರಿತ್ರೆ, ದಕ್ಷಿಣದಿಂದ ಬಂದ ವಲಸೆ, ಕಸುಬು ಬಲ್ಲವರಿಗೂ ಮುಚ್ಚಿದ್ದ ಉದ್ಯೋಗಗಳು, ಹಾಳು ಮನೆಗೂ ತೆರಬೇಕಿದ್ದ ದುಬಾರಿ ಬಾಡಿಗೆ, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಬಗೆಯನ್ನು ತೋರಿಸಿತು. ಆದರೂ ಕೃತಿಯಲ್ಲಿ ವಿಕ್ಟೋರಿಯನ್ ಕಾಲದ ನೀತಿಬೋಧಕನೊಬ್ಬ ಇಣುಕುತ್ತಾನೆ. ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ನಕ್ಷೆ ಬರೆಯುವಾಗ ಕೊನೆಯ ದರ್ಜೆಯವರನ್ನು ದುರ್ನಡತೆಯವರೆಂದೇ ಕರೆದದ್ದು ಇಂದಿನ ಓದುಗರಿಗೆ ಚುಚ್ಚುತ್ತದೆ.

ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ 1897ರಿಂದ 1910ರವರೆಗೆ ಕಪ್ಪು ಜನರ ಬದುಕಿನ ಕುರಿತ ವಾರ್ಷಿಕ ಅಧ್ಯಯನಗಳನ್ನು ನಡೆಸಿದರು. ಇವರ ಲೇಖನವೊಂದನ್ನು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1906ರಲ್ಲಿ ತಮ್ಮ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕ್ಷೇತ್ರಕಾರ್ಯ ಆಧರಿಸಿದ ಅಮೆರಿಕದ ಸಮಾಜಶಾಸ್ತ್ರದ ಮೊದಲಿಗರೆಂಬ ಕೀರ್ತಿ ಮಾತ್ರ ಬಹುಮಟ್ಟಿಗೆ ಷಿಕಾಗೋ ವಿಶ್ವವಿದ್ಯಾಲಯದ ವಿದ್ವಾಂಸರ ಪಂಥಕ್ಕೆ ಸಂದಿತು. ಅದಕ್ಕೂ ಮೊದಲೇ ಅಟ್ಲಾಂಟಾದಲ್ಲೊಂದು ಪಂಥ ಇತ್ತೆಂದೂ ಅದನ್ನು ವರ್ಣಭೇದವೇ ಮರೆಮಾಡಿತೆಂದೂ ಸಮಾಜಶಾಸ್ತ್ರಜ್ಞ ಆಲ್ಡನ್ ಮಾರಿಸ್ 2015ರಲ್ಲಿ ವಾದಿಸಿದ ಮೇಲೆ ಚರ್ಚೆ ಕಾವೇರಿತು.

ಮೊದಲಿಗರು ಯಾರೆಂಬ ಈ ಪೈಪೋಟಿಗಿಂತ ಡು ಬಾಯ್ಸ್ ಅವರ ಗ್ರಂಥ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ (1935) ಹೆಚ್ಚು ಗಮನಕ್ಕೆ ಅರ್ಹ. ಅಂತರ್ಯುದ್ಧದ ವೇಳೆ ತೋಟಗಳನ್ನು ತೊರೆದ ಗುಲಾಮರ ನಡೆಯನ್ನು ಅದು ಸಾರ್ವತ್ರಿಕ ಮುಷ್ಕರವೆಂದು ಕಂಡಿತು. ಬಿಳಿಯ ಕೂಲಿಕಾರನಿಗೆ ಕೈಗೆ ಬರುವ ಕೂಲಿ ಕಡಿಮೆಯಾದರೂ ಚರ್ಮದ ಬಣ್ಣದಿಂದ ದಕ್ಕುವ ಮರ್ಯಾದೆ ಇನ್ನೊಂದು ಬಗೆಯ ಕೂಲಿಯಾಗಿತ್ತು, ಆದ್ದರಿಂದಲೇ ಅವನು ಕಪ್ಪು ಕೂಲಿಕಾರನ ಜೊತೆ ನಿಲ್ಲಲಿಲ್ಲ ಎಂಬ ಅದರ ವಿವರಣೆ ಜಾತಿಯ ಮೆಟ್ಟಿಲುಗಳನ್ನು ಬಲ್ಲ ಭಾರತೀಯ ಓದುಗನಿಗೆ ಅಪರಿಚಿತವೆನಿಸದು. ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಗಳನ್ನು ಕೋರಿ 1946ರಲ್ಲಿ ಅಂಬೇಡ್ಕರ್ ಇವರಿಗೆ ಪತ್ರ ಬರೆದಿದ್ದರು; ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು.

ಮರುಓದು ಡು ಬಾಯ್ಸ್ ಅವರನ್ನೂ ಬಿಟ್ಟಿಲ್ಲ. ಫಿಲಡೆಲ್ಫಿಯಾದ ಗ್ರಂಥದಲ್ಲಿ ಮನೆಗೆಲಸದವರ ಕುರಿತ ಭಾಗವನ್ನು ಸಿದ್ಧಪಡಿಸಿದವರು ಇಸಬೆಲ್ ಈಟನ್ ಎಂಬುದನ್ನು ಓದುಗರು ಸಾಮಾನ್ಯವಾಗಿ ಮರೆಯುತ್ತಾರೆ. ಅಲ್ಲಿ ಅವರ ಹೆಸರಾದರೂ ಅಚ್ಚಾಗಿದೆ. ಹೆಣ್ಣುಮಕ್ಕಳ ಪರವಾಗಿಯೇ ಬರೆದ 1920ರ ಪ್ರಬಂಧವೊಂದರಲ್ಲಿ ಡು ಬಾಯ್ಸ್ ಚಿಂತಕಿ ಅನ್ನಾ ಜೂಲಿಯಾ ಕೂಪರ್ ಅವರ ಮಾತನ್ನು ಬಳಸಿಕೊಂಡರು, ಹೆಸರು ಹೇಳಲಿಲ್ಲ.