ಬಿತ್ತಲು ಬೀಜವಿಲ್ಲದ ಒಕ್ಕಲು: ಪುಣಿಸನ ಶಾಸನ ಮತ್ತು ಪುಣಜನೂರು ದಾರಿಯ ಹೊಲಗಳು

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿಯ ಪಾರ್ಶ್ವನಾಥ ಬಸದಿಯ ಕ್ರಿ.ಶ. 1117ರ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನನ್ನು ಕೀರ್ತಿಸುತ್ತದೆ. ಅವನು ನೀಲಗಿರಿಯನ್ನು ಗೆದ್ದುದೂ ಬಸದಿಗಳನ್ನು ಕಟ್ಟಿಸಿದುದೂ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ ಸಂಗತಿಗಳು. ಅಷ್ಟಾಗಿ ಗಮನ ಸೆಳೆಯದ ಇನ್ನೊಂದು ವಿವರ ಅದರಲ್ಲಿದೆ: ಬಂಡವಾಳ ಕಳೆದುಕೊಂಡ ವರ್ತಕರು, ಬಿತ್ತಲು ಬೀಜವಿಲ್ಲದ ಒಕ್ಕಲಿಗರು, ಅಧಿಕಾರ ತಪ್ಪಿ ಆಳುಗಳಾದ ಕಿರಾತರು, ಇವರಿಗೆಲ್ಲ ಪುಣಿಸನು ಬೇಕಾದುದನ್ನು ಕೊಟ್ಟು ಪೊರೆದನೆಂಬುದು. ಪ್ರಶಸ್ತಿಯ ಅತಿಶಯೋಕ್ತಿಯನ್ನು ಕಳೆದರೂ ಒಂದು ತಿಳಿವಳಿಕೆ ಉಳಿಯುತ್ತದೆ. ಹೊಲ ಹೊಲವಾಗಿ ಉಳಿಯಬೇಕಾದರೆ ಉಳುವವನ ಕೈ ಬರಿದಾಗಬಾರದು.

ಈ ಮಾತನ್ನು ಚಾಮರಾಜನಗರದಿಂದ ಪುಣಜನೂರಿನ ಮೂಲಕ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. ಪುಣಜನೂರು ಬಿಳಿಗಿರಿರಂಗನ ಬೆಟ್ಟದ ಅರಣ್ಯದ ಅಂಚಿನ, ತಮಿಳುನಾಡಿನ ಗಡಿಗೆ ಸಮೀಪದ ಊರು. ಈ ಸೀಮೆಯ ಅರಿಸಿನಕ್ಕೆ ದೊಡ್ಡ ಮಾರುಕಟ್ಟೆ ಈರೋಡು. ಕೇಂದ್ರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಅರಿಸಿನವಿಲ್ಲ. ಎಂಟೊಂಬತ್ತು ತಿಂಗಳು ಕಾದ ಬೆಳೆಯ ಬೆಲೆ ಕುಸಿದರೆ ಕೊಳವೆಬಾವಿಯ ಸಾಲ ಮಾತ್ರ ಉಳಿಯುತ್ತದೆ. ಅದರ ಮೇಲೆ ಆನೆ, ಕಾಡುಹಂದಿಗಳ ಹಾವಳಿ. ಪಾಲಾಗುತ್ತ ಕಿರಿದಾದ ಹಿಡುವಳಿ.

ಇನ್ನೊಂದು ಕಡೆ, 1997ರಲ್ಲಿ ಚಾಮರಾಜನಗರವು ಜಿಲ್ಲಾಕೇಂದ್ರವಾದ ಮೇಲೆ ಕಚೇರಿ, ಕಾಲೇಜು, ನೌಕರರ ವಸತಿಗಳಿಗೆ ನೆಲ ಬೇಕಾಯಿತು. ಬದನಗುಪ್ಪೆ-ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬಂದಿತು. ಕರಿಕಲ್ಲಿನ ಗಣಿಗಳು ಮೊದಲೇ ಇದ್ದವು. ಬೆಲೆಯ ಲೆಕ್ಕ ಸರಳವಾಗಿದೆ. ಒಂದು ಎಕರೆಯೆಂದರೆ 43,560 ಚದರಡಿ. ರಸ್ತೆ, ಉದ್ಯಾನಗಳಿಗೆ ಅರ್ಧ ಬಿಟ್ಟರೂ 30-40ರ ಹದಿನೆಂಟು ನಿವೇಶನಗಳಾಗುತ್ತವೆ. ರೈತ ಎಕರೆಯ ಲೆಕ್ಕದಲ್ಲಿ ಮಾರಿದ್ದನ್ನು ಬಡಾವಣೆಯವನು ಚದರಡಿಯ ಲೆಕ್ಕದಲ್ಲಿ ಮಾರುತ್ತಾನೆ. ನಡುವಿನ ಲಾಭ ಉಳುವವನಿಗೆ ಸೇರುವುದಿಲ್ಲ. ಆದರೆ ಪಕ್ಕದ ಹೊಲದ ಬೆಲೆ ಏರಿ, ಅಲ್ಲಿ ರಾಗಿ ಬೆಳೆಯುವುದೇ ನಷ್ಟವೆಂಬಂತೆ ತೋರುತ್ತದೆ.

ಕಾನೂನು ಈ ಒತ್ತಡವನ್ನು ಒಂದೇ ಬದಿಯಿಂದ ನೋಡಿದೆ. 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಕೃಷಿಭೂಮಿಯ ಪರಿವರ್ತನೆಗೆ, ಜನರ ಮಾತಿನ ‘ಅಲಿನೇಷನ್’ಗೆ, ಜಿಲ್ಲಾಧಿಕಾರಿಯ ಅನುಮತಿ ಬೇಕು. 1974ರ ತಿದ್ದುಪಡಿ ಗೇಣಿದಾರನಿಗೆ ಒಡೆತನ ನೀಡಿತು. ಕೃಷಿಯೇತರ ವರಮಾನವುಳ್ಳವರು ಜಮೀನು ಕೊಳ್ಳಲು ಇದ್ದ ಮಿತಿಯನ್ನು 2015ರಲ್ಲಿ 25 ಲಕ್ಷ ರೂಪಾಯಿಗೆ ಏರಿಸಲಾಯಿತು. 2020ರಲ್ಲಿ 79ಎ, 79ಬಿ ಪ್ರಕರಣಗಳೇ ರದ್ದಾದವು. ಈ ಚರ್ಚೆಗಳ ಕೇಂದ್ರದಲ್ಲಿದ್ದ ಪ್ರಶ್ನೆ ಯಾರು ಕೊಳ್ಳಬಹುದು ಎಂಬುದು. ಮಾರುವವನು ಏಕೆ ಮಾರುತ್ತಾನೆ ಎಂಬುದು ಹಿಂದೆ ಸರಿಯಿತು.

ದಾನಶಾಸನಗಳು ಭೂಮಿಯ ಅಷ್ಟಭೋಗಗಳಲ್ಲಿ ನಿಧಿ, ಜಲಗಳೊಡನೆ ಪಾಷಾಣವನ್ನೂ ಎಣಿಸುತ್ತವೆ. ನೆಲಕ್ಕೆ ಬೇಸಾಯವಲ್ಲದ ಬೆಲೆಯೂ ಉಂಟೆಂಬುದು ಪ್ರಾಚೀನರಿಗೆ ಹೊಸದಲ್ಲ. ಆದರೆ ಗದ್ದೆ, ಬೆದ್ದಲುಗಳನ್ನು ಬಿಟ್ಟ ದಾನ ಫಲಿಸಬೇಕಾದರೆ ಅವು ಉಳುಮೆಯಲ್ಲಿರಲೇಬೇಕಿತ್ತು. ಬಸದಿಯ ಪೂಜೆಯೂ ಆಹಾರದಾನವೂ ನಡೆಯುತ್ತಿದ್ದುದು ಆ ಹುಟ್ಟುವಳಿಯಿಂದ. ಪುಣಿಸನ ಬೀಜದಾನದಲ್ಲಿ ಕರುಣೆಯೊಡನೆ ಆಡಳಿತದ ವಿವೇಕವೂ ಇತ್ತು. ಕಲ್ಲು ನೆಟ್ಟು ನಿವೇಶನವಾದ ಹೊಲ ಮತ್ತೆ ಉಳುಮೆಗೆ ಮರಳುವುದು ವಿರಳ. ಆದುದರಿಂದ ಈ ಶಾಸನವನ್ನು ಬಸದಿಯ ಇತಿಹಾಸಕ್ಕೆ ಮಾತ್ರವಲ್ಲ, ಕೃಷಿಯ ಇತಿಹಾಸಕ್ಕೂ ಆಕರವಾಗಿ ಓದಬೇಕಾಗಿದೆ.